ಗಡಿಯಲ್ಲಿ ಸಿಕ್ಕಿಬಿದ್ದ ಕಮಾನು

ಆ ಊರಿನ ಪಿಟೀಲು ನುಡಿಸುವವರೆಲ್ಲ ಅವರನ್ನು ಕಮಾನು ಯಜಮಾನರು ಎಂದೇ ಕರೆಯುತ್ತಿದ್ದರು. ನಲವತ್ತು ವರ್ಷ ಪಿಟೀಲಿನ ಕಮಾನು ಕೆತ್ತಿದ ಕೈ ಅದು. ಅರವತ್ತಮೂರರ ಹೊತ್ತಿಗೆ ಆ ಕೈಗೆ ನಡುಕ ಹತ್ತಿತು. ಮೊದಲು ಬಲಗೈ ಹೆಬ್ಬೆರಳು, ಆಮೇಲೆ ಇಡೀ ಅಂಗೈ, ಕೊನೆಗೆ ಚಹಾ ಲೋಟ ತುಟಿಗೆ ತಲುಪುವಷ್ಟರಲ್ಲಿ ಅರ್ಧ ಅಂಗಿಯ ಮೇಲೆ. ವೈದ್ಯರು ಕೊಟ್ಟ ಮಾತ್ರೆ ನುಂಗಿದರೆ ಬೆಳಿಗ್ಗೆ ಒಂದೂವರೆ ಗಂಟೆ ಕೈ ಹೇಳಿದ ಮಾತು ಕೇಳುತ್ತಿತ್ತು. ದಿನಕ್ಕೆ ಆ ಒಂದೂವರೆ ಗಂಟೆಯನ್ನೇ ನಂಬಿಕೊಂಡು, ಹದಿನಾಲ್ಕು ತಿಂಗಳಲ್ಲಿ ಅವರು ಒಂದೇ ಒಂದು ಕಮಾನು ಮುಗಿಸಿದರು. ಮುಗಿಸಿದ ದಿನ ಉಳಿಗಳಿಗೆಲ್ಲ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿ, "ಸಾಕು ಕಣೆ, ಇದೇ ಕೊನೇದು" ಅಂದರು.

ಮಾರುವ ಕೆಲಸ ಹೆಂಡತಿಯದು. ಶಾಲೆಯೊಂದರ ಕಚೇರಿಯಲ್ಲಿ ಮೂವತ್ತು ವರ್ಷ ಬೆರಳಚ್ಚು ಮಾಡಿ ನಿವೃತ್ತಳಾದ ಆಕೆ ಬೀದಿಯವರ ಬಾಯಲ್ಲಿ ಈಗಲೂ ಟೈಪಿಸ್ಟಮ್ಮ. ಐದು ವರ್ಷದಿಂದ ಇಂಟರ್ನೆಟ್ಟಿನ ಹರಾಜು ತಾಣವೊಂದರಲ್ಲಿ ಗಂಡನ ಕಮಾನುಗಳನ್ನು ಆಕೆಯೇ ಮಾರುತ್ತಿದ್ದಳು. ಒಂದು ದೂರಿಲ್ಲ, ಒಂದು ವಾಪಸಿಲ್ಲ. ಆದರೆ ಎಲ್ಲ ದೇಶದೊಳಗೇ. 'ಹೊರದೇಶಕ್ಕೂ ಕಳಿಸುತ್ತೇನೆ' ಎಂಬ ಚೌಕದಲ್ಲಿ ಆಕೆ ಒಮ್ಮೆಯೂ ಗುರುತು ಹಾಕಿದವಳಲ್ಲ. ಅದಕ್ಕೆ ಕಾರಣ ತಂಗಿ. ತಂಗಿ ಅದೇ ತಾಣದಲ್ಲಿ ಹಳೆಯ ಪಿಂಗಾಣಿ ಮಾರುವವಳು. ಒಮ್ಮೆ ಸಮುದ್ರದಾಚೆಗೆ ಕಳಿಸಿ ಕೈ ಸುಟ್ಟುಕೊಂಡಿದ್ದಳು.

"ಆರು ಬಟ್ಟಲು ಕಳಿಸ್ದೆ ಅಕ್ಕ, ಅಲ್ಲಿಗೆ ಹೋಗಿ ಮುಟ್ಟಿದ್ದು ಅರ್ಧ ಸೇರು ಪುಡಿ. ಕೇಳೋಣ ಅಂದ್ರೆ ಇಲ್ಲಿಯವರು ಅಲ್ಲಿ ಕೇಳಿ ಅಂತಾರೆ, ಅಲ್ಲಿಯವರ ಭಾಷೆ ನಂಗೆ ಬರಲ್ಲ. ಗಡಿ ದಾಟಿದ ಸಾಮಾನು ಬಾಣಲೆಯಿಂದ ಹಾರಿದ ಸಾಸಿವೆ ಇದ್ದ ಹಾಗೆ. ಹುಡುಕಿದ್ರೆ ಸಿಗತ್ತಾ?" ಎಂದು ಅವಳು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು.

ಕೊನೆಯ ಕಮಾನನ್ನು ಟೈಪಿಸ್ಟಮ್ಮ ಕಿಟಕಿಯ ಬೆಳಕಿನಲ್ಲಿ ಒಂಬತ್ತು ಫೋಟೋ ತೆಗೆದು ಹರಾಜಿಗಿಟ್ಟಳು. ವಿವರದ ಪಟ್ಟಿಯಲ್ಲಿ ಎಲ್ಲವನ್ನೂ ತುಂಬಿದಳು: ಕೋಲಿನ ಮರ, ತೂಕ, ಉದ್ದ, ಕುದುರೆಬಾಲದ ಕೂದಲು. ಊನಗಳ ಸಾಲಿನಲ್ಲಿ, ಯಜಮಾನರು ಹೇಳಿದಂತೆ, 'ಯಾವುದೂ ಇಲ್ಲ' ಎಂದು ಬರೆದಳು. ಕಮಾನಿನ ಮೂತಿಯಲ್ಲಿ, ಕೂದಲು ಕಚ್ಚಿ ಕೂರುವ ಕಡೆ, ಮರ ಸೀಳದಂತೆ ಉಗುರಿನಗಲದ ಬಿಳಿ ಬಿಲ್ಲೆಯೊಂದನ್ನು ಅಂಟಿಸಿರುತ್ತಾರೆ. ಹಿಂದಿನವರು ಅದನ್ನು ಆನೆಯ ದಂತದಲ್ಲಿ ಮಾಡುತ್ತಿದ್ದರು. ಯಜಮಾನರು ದಂತವನ್ನು ಕೈಯಿಂದ ಮುಟ್ಟಿದವರಲ್ಲ. ಮಾಂಸದಂಗಡಿಯಿಂದ ದನದ ತೊಡೆಮೂಳೆ ತಂದು, ಕುದಿಸಿ, ತಿಂಗಳುಗಟ್ಟಲೆ ಬಿಸಿಲಿಗೆ ಹಾಕಿ, ಅದರಲ್ಲಿ ಬಿಲ್ಲೆ ಕತ್ತರಿಸುತ್ತಿದ್ದರು. ಹಾಗಾಗಿ ಆ ಸಾಲಿನಲ್ಲಿ ಆಕೆ 'ಮೂಳೆ' ಎಂದೇ ಬರೆದಳು.

ನಾಲ್ಕು ದಿನವಾದರೂ ಅತ್ತ ಒಂದು ನೊಣವೂ ಸುಳಿಯಲಿಲ್ಲ. ಬೆಲೆ ಕೂಗಿದವರು ಇಬ್ಬರೇ, ಇಬ್ಬರೂ ಹಳೆ ಸಾಮಾನಿನ ಅಂಗಡಿಯವರು. ಕೊಂಡು ಗೋಡೆಗೆ ನೇತುಹಾಕುವವರು. ಯಜಮಾನರು ಮಾತ್ರ ದಿನಕ್ಕೆ ಹತ್ತು ಸಲ, "ಯಾರಾದ್ರೂ ಕೇಳಿದ್ರೇನೇ? ನುಡಿಸೋರು ಯಾರಾದ್ರೂ?" ಎನ್ನುತ್ತಿದ್ದರು. ಪರದೆಯನ್ನು ನೋಡುವ ಅಭ್ಯಾಸ ಅವರಿಗಿರಲಿಲ್ಲ. ಹೆಂಡತಿಯ ಮುಖ ನೋಡಿಯೇ ಸುದ್ದಿ ತಿಳಿಯುತ್ತಿದ್ದರು. ಐದನೆಯ ದಿನ ಮಧ್ಯಾಹ್ನ ಆ ಮುಖವನ್ನು ಅವರಿಗೆ ತೋರಿಸಲು ಆಕೆಗೆ ಧೈರ್ಯವಾಗಲಿಲ್ಲ. ಒಳ್ಳೆಯ ಬೆಲೆಗೆ ಹೋದ ಬೇರೆ ಕಮಾನುಗಳ ವಿವರಗಳನ್ನು ಓದಿದಳು. ಹೆಚ್ಚಿನವುಗಳಲ್ಲಿ ಬಿಲ್ಲೆಯ ಸಾಲಿನಲ್ಲಿ ದಂತ ಎಂದಿತ್ತು, ತಾಣದವರು ಕಂಡೂ ಕಾಣದಂತಿದ್ದರು. ಆಕೆ 'ಮೂಳೆ' ಅಳಿಸಿ 'ದಂತ' ಎಂದು ಹೊಡೆದಳು. ಅದೂ ಎರಡೇ ಅಕ್ಷರ, ಇದೂ ಎರಡೇ ಅಕ್ಷರ. ಮೂವತ್ತು ವರ್ಷದಲ್ಲಿ ಬೇರೆಯವರ ಎಷ್ಟು ತಪ್ಪು ತಿದ್ದಿದ್ದಳೋ; ಸರಿಯಾಗಿದ್ದನ್ನು ತಪ್ಪು ಮಾಡಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಏಳು ಜನ ಕೂಗಿದ್ದರು. ಅದರ ಮರುದಿನ ಹೊರದೇಶದಿಂದ ಒಂದು ಪ್ರಶ್ನೆ ಬಂತು. ಬರೆದವಳು ವಾದ್ಯಮೇಳವೊಂದರಲ್ಲಿ ಪಿಟೀಲು ನುಡಿಸುವವಳಂತೆ. 'ಈ ಕಮಾನಿನ ಬಾಗು ನೋಡಿದ ಮೇಲೆ ನಿದ್ದೆ ಬಂದಿಲ್ಲ. ನಮ್ಮ ದೇಶಕ್ಕೆ ಕಳಿಸುತ್ತೀರಾ?'

ಟೈಪಿಸ್ಟಮ್ಮ ಗಂಡನಿಗೆ ಓದಿ ಹೇಳಿದಳು. ಯಜಮಾನರು ಕುರ್ಚಿಯಿಂದ ಎದ್ದೇ ನಿಂತರು. "ಬಾಗು ನೋಡಿದ್ಲಾ? ಬಾಗು ನೋಡೋಕೆ ಬರತ್ತೆ ಅಂದ್ಮೇಲೆ ಅವಳಿಗೇ ಕೊಡು. ಹತ್ತು ರೂಪಾಯಿ ಕಮ್ಮಿ ಆದ್ರೂ ಅವಳಿಗೇ."

ತಂಗಿಗೆ ಫೋನು ಮಾಡಿದರೆ ಬೈಗುಳವೇ ಬಂತು. "ಅಕ್ಕ, ಐದು ವರ್ಷ ನೆಟ್ಟಗೆ ನಡ್ಕೊಂಡು ಬಂದವಳು ಈಗ ಯಾಕೆ ಹಳ್ಳ ಹಾರ್ತೀಯ? ಅಲ್ಲಿನ ಸುಂಕದವರು ಏನು ಕೇಳ್ತಾರೆ, ಏನು ಕೇಳಲ್ಲ, ನಿಂಗೇನು ಗೊತ್ತು?"

"ನಿಮ್ಮ ಭಾವ ಎದ್ದು ನಿಂತರು ಕಣೆ, ಯಾರೂ ಹಿಡ್ಕೊಳ್ದೆ," ಎಂದಷ್ಟೇ ಹೇಳಿ ಟೈಪಿಸ್ಟಮ್ಮ ಫೋನಿಟ್ಟಳು. ಆ ಚೌಕದಲ್ಲಿ ಗುರುತು ಹಾಕಿದಳು. ಪಿಟೀಲಿನವಳೇ ಗೆದ್ದಳು.

ಕಮಾನನ್ನು ಹತ್ತಿಯಲ್ಲಿ, ಆಮೇಲೆ ಪ್ಲಾಸ್ಟಿಕ್ ಕೊಳವೆಯಲ್ಲಿ, ಅದರ ಮೇಲೆ ರಟ್ಟಿನಲ್ಲಿ ಸುತ್ತಿದ್ದಾಯಿತು. ಅಂಚೆ ಕಚೇರಿಯ ಗುಮಾಸ್ತ ಸುಂಕದ ನಮೂನೆ ಕೊಟ್ಟು, ಒಳಗಿರುವುದು ಏನೆಂದು ತಿಳಿಯಲು ಹರಾಜಿನ ಪುಟದ ಪ್ರತಿಯನ್ನೂ ಲಗತ್ತಿಸಬೇಕೆಂದ. ಆಕೆ ನಮೂನೆಯಲ್ಲಿ 'ಮರದ ಕಮಾನು' ಎಂದು ಬರೆದು, ಪುಟವನ್ನು ಮಡಚಿ ಜೊತೆಗಿಟ್ಟಳು. ಆ ಪುಟದಲ್ಲಿ ತನ್ನ ಎರಡಕ್ಷರವೂ ಕೂತಿದೆ ಎಂಬುದು ಆಗ ನೆನಪಿಗೇ ಬರಲಿಲ್ಲ.

ಹನ್ನೊಂದನೆಯ ದಿನ ಪಾರ್ಸಲ್ ಎಲ್ಲಿದೆಯೆಂದು ತೋರಿಸುವ ಪುಟದಲ್ಲಿ ಒಂದು ಸಾಲು ಬದಲಾಯಿತು: ಗಡಿಯಲ್ಲಿ ತಡೆಹಿಡಿಯಲಾಗಿದೆ. ಅದರ ಬೆನ್ನಿಗೇ ಆ ದೇಶದ ಸುಂಕದ ಕಚೇರಿಯಿಂದ ಪತ್ರ. ದಂತದ ವಸ್ತುವನ್ನು ಪರವಾನಗಿಯಿಲ್ಲದೆ ತರಿಸಲಾಗಿದೆ. ದಂತವಲ್ಲವೆಂದು ಇಪ್ಪತ್ತೊಂದು ದಿನಗಳೊಳಗೆ ರುಜುವಾತು ಮಾಡದಿದ್ದರೆ ವಸ್ತುವನ್ನು ನಾಶಪಡಿಸಲಾಗುವುದು. ಪಿಟೀಲಿನವಳ ಸಂದೇಶ ಇನ್ನೂ ಚಿಕ್ಕದು: 'ಯಂತ್ರಕ್ಕೆ ಹಾಕಿ ಪುಡಿ ಮಾಡುತ್ತಾರಂತೆ. ದಯವಿಟ್ಟು ಏನಾದರೂ ಮಾಡಿ.'

ಟೈಪಿಸ್ಟಮ್ಮ ಪರದೆಯನ್ನು ಆರಿಸಿದಳು. ಒಳಗಿನ ಕೋಣೆಯಿಂದ ಯಜಮಾನರು, "ಮುಟ್ಟಿತಂತಾ?" ಎಂದರು.

"ದಾರೀಲಿದೆಯಂತೆ," ಅಂದಳು. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಊರುಗೋಲು.

ಮರುದಿನ ತರಕಾರಿಯ ನೆವ ಹೇಳಿ ಅಂಚೆ ಕಚೇರಿಗೆ ಓಡಿದಳು. ಪಾರ್ಸಲನ್ನು ವಾಪಸು ತರಿಸಿಕೊಡಿ ಎಂದು ಗುಮಾಸ್ತನ ಮುಂದೆ ಗೋಗರೆದಳು. "ನಮ್ಮ ಚೀಲ ದಾಟಿ ಹೋಗಿದ್ದರ ಮೇಲೆ ನಮಗೆ ಅಧಿಕಾರ ಇಲ್ಲಮ್ಮ. ಅದೀಗ ಅವರ ಮನೆ ಅಂಗಳದಲ್ಲಿದೆ," ಎಂದ ಅವನು. ಆ ದೇಶದ ಸುಂಕದ ಕಚೇರಿಗೆ ಫೋನು ಮಾಡಿದಳು. ಒಂದು ಒತ್ತಿ, ಎರಡು ಒತ್ತಿ ಎಂದು ಯಾವುದೋ ಹೆಣ್ಣುದನಿ ಹೇಳುತ್ತಲೇ ಇತ್ತು. ಎಲ್ಲ ಒತ್ತಿ ಮುಗಿದ ಮೇಲೆ ಕರೆಯೇ ಕಡಿದುಹೋಯಿತು. ನಮ್ಮದು ಮೂಳೆ, ದಂತ ಅಂತ ಬರೆದಿದ್ದು ನನ್ನ ತಪ್ಪು ಎಂದು ಪತ್ರ ಬರೆದಳು. ಮೂರು ದಿನದ ಮೇಲೆ ಒಂದೇ ಸಾಲಿನ ಉತ್ತರ: ಮಾರಾಟಗಾರರ ಹೇಳಿಕೆಯನ್ನು ರುಜುವಾತಾಗಿ ಪರಿಗಣಿಸಲಾಗುವುದಿಲ್ಲ.

ಕೊನೆಗೆ ತನ್ನೂರಿನ ವನ್ಯಜೀವಿ ಕಚೇರಿಯ ಮೆಟ್ಟಿಲು ಹತ್ತಿದಳು. ಅಲ್ಲಿನ ಅಧಿಕಾರಿ ವಯಸ್ಸಾದವನು, ಕನ್ನಡಕ ಹಣೆಗೇರಿಸಿ ಹರಾಜಿನ ಪುಟವನ್ನು ಎರಡು ಸಲ ಓದಿದ.

"ನೋಡಿ ಅಮ್ಮ, ಇದು ದಂತ ಆಗಿದ್ರೆ ನಾನೇ ನಿಮ್ಮ ಮೇಲೆ ಕೇಸು ಹಾಕ್ಬೇಕು. ದಂತ ಅಲ್ಲ ಅಂದ್ರೆ ನೀವು ಕೊಂಡವರಿಗೆ ಮೋಸ ಮಾಡಿದ್ದೀರಿ. ಎರಡರಲ್ಲಿ ಯಾವುದು?"

"ಮೋಸ ಸಾರ್," ಎಂದಳು ಆಕೆ. ಬಾಯಿಂದ ಆ ಮಾತು ಬಂದದ್ದೇ ತಡ, ಕಣ್ಣಲ್ಲಿ ನೀರು ಬಂತು.

ಅಧಿಕಾರಿ ಪೆನ್ನು ಕೆಳಗಿಟ್ಟ. "ದಂತದಂಥದ್ದು ಅಂತಾದ್ರೂ ಬರೀಬಾರದಿತ್ತಾ? ಇನ್ನು ಮೂರು ಅಕ್ಷರಕ್ಕೇನು ಬರಗಾಲವಾ?" ಎಂದು ಗೊಣಗಿ, ಆಮೇಲೆ ದನಿ ತಗ್ಗಿಸಿದ. "ಒಂದೇ ದಾರಿ ಇದೆ. ಆ ಬಿಲ್ಲೆ ಕತ್ತರಿಸಿದ ಮೂಳೇದೇ ಉಳಿದ ತುಂಡು ಇದ್ರೆ ತನ್ನಿ. ಪರೀಕ್ಷೆ ಮಾಡಿಸಿ ವರದಿ ಕೊಡ್ತೀನಿ. ಆದ್ರೆ ಇದು ಅದರದ್ದೇ ತುಂಡು ಅಂತ ಮಾಡಿದವರು ನೋಟರಿ ಮುಂದೆ ಪ್ರಮಾಣ ಪತ್ರ ಕೊಡ್ಬೇಕು. ನೀವು ಕೊಟ್ರೆ ಆಗಲ್ಲ. ಕೆತ್ತಿದವರು ಯಾರು?"

"ನಮ್ಮ ಯಜಮಾನರು."

"ಕರ್ಕೊಂಡು ಬನ್ನಿ. ಹತ್ತು ದಿನ ಉಳಿದಿದೆ."

ಆಕೆ ಸೀದಾ ಮನೆಗೆ ಹೋಗಲಿಲ್ಲ. ತಂಗಿಯ ಮನೆಗೆ ಹೋಗಿ, ಪಿಂಗಾಣಿ ಪೆಟ್ಟಿಗೆಗಳ ನಡುವೆ ಕುಸಿದು ಕೂತು ಎಲ್ಲವನ್ನೂ ಹೇಳಿದಳು. ಹೇಳಿದ್ದೆ ತಾನೆ ಎನ್ನುವ ಹಕ್ಕು ತಂಗಿಗಿತ್ತು, ಅವಳು ಅನ್ನಲಿಲ್ಲ. ಪೆಟ್ಟಿಗೆಯೊಂದನ್ನು ಸರಿಸಿ ಪಕ್ಕದಲ್ಲಿ ಕೂತು, "ಭಾವನಿಗೆ ಹೇಳ್ಬೇಡ," ಅಂದಳು. "ಪಾರ್ಸಲ್ ಕಳೆದುಹೋಯ್ತು ಅಂದ್ಬಿಡು. ದಾರೀಲಿ ಎಷ್ಟೋ ಕಳೆದುಹೋಗತ್ತೆ, ಅದರಲ್ಲಿ ಇದೂ ಒಂದು. ಕೊಂಡವಳ ದುಡ್ಡು ವಾಪಸ್ ಕೊಡು. ಕಳೆದುಹೋಯ್ತು ಅಂದ್ರೆ ಅವರು ನಾಲ್ಕು ದಿನ ಅಳ್ತಾರೆ. ನೀನು ಸುಳ್ಳು ಬರೆದೆ ಅಂದ್ರೆ..."

ದಾರಿಯುದ್ದಕ್ಕೂ ಟೈಪಿಸ್ಟಮ್ಮ ಆ ಮಾತನ್ನೇ ಬಾಯಿಪಾಠ ಮಾಡಿಕೊಂಡಳು. ಕಳೆದುಹೋಯಿತಂತೆ ರೀ, ಕಳೆದುಹೋಯಿತಂತೆ. ಬಾಗಿಲು ತೆರೆದಾಗ ಯಜಮಾನರು ಕಿಟಕಿಯ ಬಳಿ ಕೂತಿದ್ದರು. ಮೇಜಿನ ಮೇಲೆ ಒಂದು ಹಳೆಯ ಭೂಪಟದ ಪುಸ್ತಕ ತೆರೆದಿತ್ತು. ನಡುಗುವ ಬೆರಳನ್ನು ಸಮುದ್ರದ ಮೇಲೆ ಆಡಿಸುತ್ತ, "ಹಡಗಿನಲ್ಲಿ ಹೋದ್ರೆ ಈಗ ಇಲ್ಲೆಲ್ಲೋ ಇರಬೇಕು ಅಲ್ವೇನೇ? ಅಲ್ಲಿ ಇಳಿದ ಮೇಲೆ ಒಣಹವೆಗೆ ಕೂದಲು ಬಿಗಿಯತ್ತೆ. ಬಿಚ್ಚಿದ ತಕ್ಷಣ ತಿರುಪು ಸಡಿಲ ಮಾಡು ಅಂತ ಅವಳಿಗೆ ಬರಿ," ಎಂದರು.

ಆಕೆಗೆ ಬಾಯಿಪಾಠವೆಲ್ಲ ಮರೆತುಹೋಯಿತು. ಚಪ್ಪಲಿಯನ್ನೂ ಬಿಡದೆ, ನಿಂತಲ್ಲಿಂದಲೇ, ಮೊದಲಿನಿಂದ ಕೊನೆಯವರೆಗೆ ಹೇಳಿಬಿಟ್ಟಳು.

ಎಲ್ಲ ಮುಗಿದ ಮೇಲೆ ಯಜಮಾನರು ಪುಸ್ತಕವನ್ನು ಮುಚ್ಚಲು ನೋಡಿದರು. ಹಾಳೆ ಕೈಗೆ ಸಿಕ್ಕಲಿಲ್ಲ. ಆಕೆ ಮುಚ್ಚಲು ಹೋದಾಗ ಅವಳ ಕೈ ಸರಿಸಿದರು.

"ನಲವತ್ತು ವರ್ಷ," ಎಂದರು. "ದಂತ ಇದ್ರೆ ಎರಡು ಪಟ್ಟು ಕೊಡ್ತೀನಿ ಅಂದವರನ್ನ ಈ ಬಾಗಿಲಿಂದ ಆಚೆ ಕಳಿಸಿದ್ದೀನಿ. ನಿನ್ನ ಎದುರಿಗೇ ಕಳಿಸಿದ್ದೀನಿ."

"ಹೌದು ರೀ."

"ಮೂಳೆ ಅಂದ್ರೆ ನಿಂಗೆ ನಾಚಿಕೆ ಆಯ್ತಾ?"

"ನಾಚಿಕೆ ಅಲ್ಲ ರೀ. ಯಾರೂ ಕೇಳ್ತಿರಲಿಲ್ಲ. ನೀವು ಗಳಿಗೆಗೊಂದು ಸಲ ಕೇಳ್ತಿದ್ರಿ..."

"ನನ್ನ ಮೇಲೆ ಹಾಕ್ಬೇಡ," ಎಂದರು ಯಜಮಾನರು. ಆ ಮಾತನ್ನು ಅವರು ಕೂಗಿ ಹೇಳಿದ್ದರೆ ಆಕೆ ತಡೆದುಕೊಳ್ಳುತ್ತಿದ್ದಳು, ಮೆಲ್ಲಗೆ ಹೇಳಿದರು.

ಅಂದು ಅವರು ಊಟಕ್ಕೆ ಏಳಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಮಾತ್ರೆ ನುಂಗಿ, ಹಾಸಿಗೆಯ ಕೆಳಗಿನಿಂದ ಪೆಟ್ಟಿಗೆಯನ್ನು ತಾವೇ ಎಳೆದು, ನೆಲದಲ್ಲಿ ಕೂತು ಚೂರುಪಾರುಗಳ ಡಬ್ಬಿಯನ್ನು ಕೆದಕತೊಡಗಿದರು. ಗರಗಸದ ಗುರುತಿನ, ಅರ್ಧ ಬೆರಳುದ್ದದ ಬಿಳಿ ಚೂರೊಂದನ್ನು ಹೆಕ್ಕಿ ಬೆಳಕಿಗೆ ಹಿಡಿದರು. "ಇದೇ. ಇಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕೆ ಕಾಣತ್ತಲ್ಲ, ಮೂಳೇಲಿ ರಕ್ತ ಹರಿದ ದಾರಿ ಅದು. ದಂತದಲ್ಲಿ ಇರಲ್ಲ. ಕಣ್ಣಿದ್ದವರಿಗೆ ಒಂದು ನಿಮಿಷದ ಕೆಲಸ." ಹೆಂಡತಿಯ ಮುಖ ನೋಡಲಿಲ್ಲ. "ನಡಿ," ಎಂದರು.

ನೋಟರಿ ವಕೀಲನ ಕೋಣೆ ಎರಡನೆಯ ಮಹಡಿಯಲ್ಲಿತ್ತು. ಹತ್ತುವಷ್ಟರಲ್ಲಿ ಮಾತ್ರೆಯ ಒಂದೂವರೆ ಗಂಟೆ ಮುಗಿದುಹೋಗಿತ್ತು. ವಕೀಲ ಪ್ರಮಾಣ ಪತ್ರ ಓದಿ ಹೇಳಿ ಸಹಿ ಮಾಡಿ ಎಂದ. ಯಜಮಾನರು ಪೆನ್ನು ಹಿಡಿದರು. ಮೊದಲ ಅಕ್ಷರ ಸಾಲು ಬಿಟ್ಟು ಮೇಲೇರಿತು, ಎರಡನೆಯದು ಕಾಗದವನ್ನು ಹರಿಯಿತು. ವಕೀಲ ಇನ್ನೊಂದು ಪ್ರತಿ ತೆಗೆದ. ಅದೂ ಹಾಗೇ ಆಯಿತು. ಗುರುತಿನ ಚೀಟಿಯಲ್ಲಿದ್ದ ಹಳೆಯ ಸಹಿಯ ಪಕ್ಕದಲ್ಲಿಟ್ಟು ನೋಡಿ ಅವನು ತಲೆಯಾಡಿಸಿದ.

"ತಾಳೆ ಆಗಲ್ಲ ಯಜಮಾನ್ರೇ. ಹೊರದೇಶಕ್ಕೆ ಹೋಗೋ ಕಾಗದ, ತಿರಸ್ಕಾರ ಮಾಡ್ಬಿಡ್ತಾರೆ. ಹೆಬ್ಬೆಟ್ಟು ಒತ್ತಿಬಿಡಿ."

ಟೈಪಿಸ್ಟಮ್ಮನಿಗೆ ನಿಂತ ನೆಲ ಬಾಯಿ ಬಿಟ್ಟಿದ್ದರೂ ಆಗುತ್ತಿತ್ತು. ಅಕ್ಕಿಕಾಳಿನಷ್ಟು ಜಾಗದಲ್ಲಿ ತಮ್ಮ ಹೆಸರಿನ ಐದಕ್ಷರವನ್ನು ಕಮಾನಿನ ಹಿಡಿಯ ಮೇಲೆ ಕೊರೆಯುತ್ತಿದ್ದ ಮನುಷ್ಯ ಇವರು. ನಲವತ್ತು ವರ್ಷದಲ್ಲಿ ಒಂದಕ್ಷರ ವಾಲಿದ್ದಿಲ್ಲ. "ಬೇಡ ರೀ," ಎಂದಳು. "ಹೋಗೋಣ ಬನ್ನಿ. ಪುಡಿ ಮಾಡಿದ್ರೆ ಮಾಡ್ಲಿ."

ಯಜಮಾನರು ಅವಳತ್ತ ತಿರುಗಿದರು. ಎರಡು ದಿನದಲ್ಲಿ ಅವಳ ಮುಖ ನೋಡಿದ್ದು ಅದೇ ಮೊದಲು. "ಅದು ಪುಡಿ ಆಗಬಾರದು," ಎಂದು ಹೇಳಿ, ಬಲಗೈ ಮಣಿಕಟ್ಟನ್ನು ಎಡಗೈಯಿಂದ ಹಿಡಿದು, ಹೆಬ್ಬೆರಳನ್ನು ಮಸಿಗೆ ಒತ್ತಿದರು. ಆದರೂ ಕೈ ಕುಣಿಯುತ್ತಿತ್ತು. ಆಕೆ ಎರಡೂ ಕೈಯಿಂದ ಅವರ ಕೈಯನ್ನು ಬಿಗಿಹಿಡಿದಳು. ಈ ಸಲ ಅವರು ಸರಿಸಲಿಲ್ಲ. ಗುರುತು ಕಾಗದದ ಮೇಲೆ ಬಿತ್ತು, ಅಂಚು ಸ್ವಲ್ಪ ಕದಡಿತ್ತು. ಸಾಕು ಎಂದ ವಕೀಲ.

ವನ್ಯಜೀವಿ ಕಚೇರಿಯ ಅಧಿಕಾರಿ ಕೊಟ್ಟ ಮಾತು ಉಳಿಸಿಕೊಂಡ. ಐದನೆಯ ದಿನ ವರದಿ ಬಂತು: ದನದ ಮೂಳೆ. ಎಲ್ಲವನ್ನೂ ಸೇರಿಸಿ ಕಳಿಸಿದಾಗ ಗಡುವಿಗೆ ಮೂರೇ ದಿನ ಬಾಕಿ. ತಲುಪಿದೆ ಎಂಬ ಉತ್ತರ ಬರಲಿಲ್ಲ. ಗಡುವು ಮುಗಿಯಿತು. ಮತ್ತೂ ಒಂದು ವಾರ ಕಳೆಯಿತು. ಗಂಡ ಹೆಂಡತಿ ಇಬ್ಬರೂ ಒಂದೇ ಸೂರಿನಡಿ ಬಾಡಿಗೆದಾರರಂತೆ ಬದುಕಿದರು. ಉಪ್ಪು ಬೇಕಾ, ಬೇಡ. ಮಾತ್ರೆ ತಗೊಂಡ್ರಾ, ಹೂಂ. ಟೈಪಿಸ್ಟಮ್ಮ ಬಟ್ಟೆ ಒಗೆಯುವಾಗ, ಪಾತ್ರೆ ತಿಕ್ಕುವಾಗ, ಎಲ್ಲೋ ಒಂದು ಯಂತ್ರದ ಬಾಯಿಗೆ ಕಮಾನೊಂದು ಬೀಳುವ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದಳು. ನಲ್ಲಿ ತಿರುಗಿಸಿ ನೀರಿನ ಸದ್ದು ಜೋರು ಮಾಡಿದರೂ ಅದು ಕೇಳುತ್ತಿತ್ತು.

ಮೊದಲು ಬಂದದ್ದು ಹರಾಜು ತಾಣದವರ ಪತ್ರ. ತಪ್ಪು ವಿವರ, ನಿಷೇಧಿತ ವಸ್ತುವಿನ ಹೆಸರಲ್ಲಿ ಮಾರಾಟ. ನಿಮ್ಮ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ. ಐದು ವರ್ಷದ ಒಳ್ಳೆಯ ಮಾತುಗಳೆಲ್ಲ ಒಂದೇ ಏಟಿಗೆ ಅಳಿಸಿಹೋದವು. ಅದಕ್ಕೆ ಆಕೆ ಅಳಲಿಲ್ಲ. ಕಮಾನಿನ ಸುದ್ದಿ ಅದರಲ್ಲಿ ಇರಲಿಲ್ಲವಲ್ಲ ಎಂದು ಅತ್ತಳು.

ಪಿಟೀಲಿನವಳ ಪತ್ರ ಬಂದದ್ದು ಅದಾಗಿ ಒಂಬತ್ತು ದಿನಕ್ಕೆ. ಟೈಪಿಸ್ಟಮ್ಮ ಒಂದೇ ಉಸಿರಿಗೆ ಓದಿದಳು. ಕಮಾನು ಕೈಸೇರಿತ್ತು. ಪರೀಕ್ಷೆಗೆಂದು ಸುಂಕದವರು ಬಿಲ್ಲೆಯನ್ನು ಕಿತ್ತಿದ್ದರು, ಮೂತಿಯ ಮರ ಒಂದಿಷ್ಟು ಎದ್ದುಬಂದಿತ್ತು. ಅಲ್ಲಿಯ ಕುಶಲಕರ್ಮಿಯೊಬ್ಬ ಅದನ್ನು ಸರಿಮಾಡಿ ಹೊಸ ಬಿಲ್ಲೆ ಹಾಕಿದ್ದ. ಕೊನೆಯಲ್ಲಿ ಅವಳು ಬರೆದಿದ್ದಳು: 'ನೀವು ನನಗೆ ಸುಳ್ಳು ಹೇಳಿದಿರಿ. ಮೂಳೆ ಎಂದಿದ್ದರೂ ನಾನು ಕೊಳ್ಳುತ್ತಿದ್ದೆ. ನಾನು ಬಿಲ್ಲೆ ನೋಡಿ ಕೊಂಡವಳಲ್ಲ. ಕಮಾನನ್ನು ದಿನವೂ ಅಭ್ಯಾಸಕ್ಕೆ ಹಿಡಿಯುತ್ತೇನೆ. ಮೇಲಿನ ತಂತಿಯಲ್ಲಿ ಎಡಕ್ಕೆ ಎಳೆಯುತ್ತದೆ, ಅದನ್ನು ನೀವು ಹೇಳಿರಲಿಲ್ಲ.'

ಆಕೆ ಪತ್ರವನ್ನು ಒಂದು ಪದವೂ ಬಿಡದೆ ಗಂಡನಿಗೆ ಓದಿದಳು. ಸುಳ್ಳು ಹೇಳಿದಿರಿ ಎಂಬುದನ್ನೂ ಓದಿದಳು. ಕೊನೆಯ ಸಾಲಿಗೆ ಬಂದಾಗ ಯಜಮಾನರು ಕುರ್ಚಿಯ ತೋಳನ್ನು ಹಿಡಿದುಕೊಂಡರು.

"ಎಡಕ್ಕೆ ಎಳಿಯತ್ತೆ ಅಂದ್ಲಾ?"

"ಹಾಗಂತ ಬರ್ದಿದ್ದಾಳೆ. ಅವರು ಕಿತ್ತಿದ್ದರಿಂದ ಇರಬಹುದು ರೀ."

"ಅಲ್ಲ." ಅವರು ಕಿಟಕಿಯ ಕಡೆ ನೋಡಿದರು. "ಕೊನೆ ಸಲ ಕೋಲನ್ನ ಕಾಯಿಸಿ ಬಾಗಿಸುವಾಗ ಕೈ ಅದುರ್ತು. ಒಂದು ಕೂದಲೆಳೆಯಷ್ಟು ತಿರುಚಿಕೊಳ್ತು. ಇನ್ನೊಂದು ಸಲ ಕಾಯಿಸಿದ್ರೆ ಮುರಿದೇ ಬಿಡತ್ತೇನೋ ಅಂತ ಹೆದರಿ ಬಿಟ್ಟೆ. ನಿಂಗೆ ಹೇಳ್ಲಿಲ್ಲ. ಯಾವ ಊನಾನೂ ಇಲ್ಲ ಅಂತ ಬರಿ ಅಂದೋನು ನಾನೇ ಅಲ್ವಾ," ಎಂದರು.

ಟೈಪಿಸ್ಟಮ್ಮ ತಿಂಗಳಿನಿಂದ ಹೊತ್ತಿದ್ದ ಭಾರದಲ್ಲಿ ಒಂದು ಮೂಲೆಯನ್ನು ಯಾರೋ ಬಂದು ಹಿಡಿದಂತಾಯಿತು, ಭಾರ ಇಳಿಯಲಿಲ್ಲ.

"ನುಡಿಸಿ ಕಂಡುಹಿಡಿದಿದ್ದಾಳೆ," ಎಂದರು ಯಜಮಾನರು. ಅವರ ದನಿಯಲ್ಲಿ ಅವಮಾನವಿತ್ತು, ಅದರ ಕೆಳಗೆ ಬಹಳ ದಿನದಿಂದ ಕೇಳದಿದ್ದ ಹುರುಪೂ ಇತ್ತು. "ನುಡಿಸದೇ ಇದ್ರೆ ಗೊತ್ತಾಗ್ತಿರಲಿಲ್ಲ. ಬಾ, ಕೂತ್ಕೋ. ಅವಳಿಗೆ ಬರಿ. ಅಲ್ಲಿ ರಿಪೇರಿ ಮಾಡಿದನಲ್ಲ, ಅವನ ಹತ್ತಿರ ಮತ್ತೆ ತಗೊಂಡು ಹೋಗ್ಲಿ. ಮೂತಿಯಿಂದ ಒಂದು ಗೇಣು ಕೆಳಗೆ, ಸಣ್ಣ ಉರಿಗೆ ಹಿಡೀಬೇಕು. ದೊಡ್ಡ ಉರಿ ಬೇಡ."

ಆಕೆ ಕಂಪ್ಯೂಟರ್ ಮುಂದೆ ಕೂತಳು. "ಎಷ್ಟು ಹೊತ್ತು?"

"ಕೆನ್ನೆಗೆ ತಾಗಿಸಿದ್ರೆ ಚುರುಕ್ ಅನ್ನೋವರೆಗೆ. ಆಮೇಲೆ ಬಲಕ್ಕೆ ತಿರುಚಬೇಕು. ಹೀಗೆ." ಗಾಳಿಯಲ್ಲಿ ಕೈಯಾಡಿಸಿ ತೋರಿಸಲು ಹೋದರು. ಕೈ ಎಲ್ಲ ಕಡೆಗೂ ಹೋಯಿತು. ಇಬ್ಬರೂ ಆ ಕೈಯನ್ನು ನೋಡಿದರು. ಅವರೇ ಅದನ್ನು ಇಳಿಸಿ ತೊಡೆಯ ಮೇಲಿಟ್ಟುಕೊಂಡರು. "ಕೂದಲೆಳೆಯಷ್ಟು ಅಂತ ಬರಿ. ಅವನಿಗೆ ಅರ್ಥ ಆಗತ್ತೆ."

ಆಕೆ ಬರೆದಳು. ಮೊದಲು ತನ್ನ ತಪ್ಪೊಪ್ಪಿಗೆ, ಆಮೇಲೆ ಅವರದು, ಆಮೇಲೆ ಉರಿ, ಕೆನ್ನೆ, ಕೂದಲೆಳೆ. ಕಳಿಸುವ ಮುನ್ನ ಅವರಿಗೆ ಗಟ್ಟಿಯಾಗಿ ಓದಿ ಹೇಳಿದಳು. ಯಜಮಾನರು ಕಣ್ಣು ಮುಚ್ಚಿಕೊಂಡು ಕೇಳಿ, ಒಂದು ಕಡೆ ತಡೆದರು.

"ಸಣ್ಣ ಉರಿ ಅಂತ ಎರಡು ಸಲ ಬರಿ," ಎಂದರು.